ಹದಿಹರೆಯದ ಮನಸ್ಸು: ಏರಿಳಿತ ಸಹಜ, ಇಳಿದೇ ಉಳಿದರೆ ಎಚ್ಚರ

ಬೆಳಿಗ್ಗೆ ನಗುನಗುತ್ತಾ ಶಾಲೆಗೆ ಹೋದ ಮಗಳು ಸಂಜೆ ಬಂದವಳೇ ಚೀಲ ಎಸೆದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ‘ಏನಾಯ್ತೇ?’ ಎಂದರೆ ‘ಏನಿಲ್ಲ ಬಿಡಮ್ಮ’ ಎಂಬ ಸಿಡುಕು. ರಾತ್ರಿ ಊಟದ ಹೊತ್ತಿಗೆ ತಮ್ಮನೊಡನೆ ಮತ್ತೆ ನಗು. ಇಂಥ ಮಕ್ಕಳನ್ನು ಕಂಡು ‘ಇವರಿಗೆ ಏನಾಗಿದೆ?’ ಎಂದು ಕಳವಳಪಡುವ ತಂದೆ ತಾಯಿ ಅನೇಕ.

ಏಕೆ ಹೀಗೆ?

ವಿಶ್ವ ಆರೋಗ್ಯ ಸಂಸ್ಥೆ 10ರಿಂದ 19 ವರ್ಷದವರೆಗಿನ ಅವಧಿಯನ್ನು ಹದಿಹರೆಯ ಎಂದು ಗುರುತಿಸಿದೆ. ಈ ವಯಸ್ಸಿನಲ್ಲಿ ಹಾರ್ಮೋನುಗಳ ಪ್ರಭಾವದಿಂದ ದೇಹ ಬೇಗ ಬೇಗ ಬದಲಾಗುತ್ತದೆ. ಮಿದುಳಿನಲ್ಲಿ ಭಾವನೆಗಳನ್ನು ಕೆರಳಿಸುವ ಭಾಗಗಳು ಚುರುಕಾಗಿರುತ್ತವೆ. ಆದರೆ ಅವಕ್ಕೆ ಲಗಾಮು ಹಾಕಬೇಕಾದ ಮಿದುಳಿನ ಮುಂಭಾಗ ಪೂರ್ತಿ ಬಲಿಯಲು ಸುಮಾರು 25 ವರ್ಷ ಆಗಬೇಕು. ಜೊತೆಗೆ, ನಿದ್ರೆಗೆ ನೆರವಾಗುವ ಮೆಲಟೋನಿನ್ ರಾತ್ರಿ ತಡವಾಗಿ ಸ್ರವಿಸತೊಡಗುತ್ತದೆ. ಇವರಿಗೆ 8ರಿಂದ 10 ಗಂಟೆ ನಿದ್ರೆ ಬೇಕು. ನಸುಕಿನಲ್ಲೇ ಟ್ಯೂಷನ್ನಿಗೆ ಓಡುವವರಿಗೆ ಅಷ್ಟು ಸಿಗುವುದೆಲ್ಲಿ?

‘ನಾನು ಯಾರು?’

ತನ್ನತನವನ್ನು ಕಂಡುಕೊಳ್ಳುವುದೇ ಹದಿಹರೆಯದ ಮುಖ್ಯ ಕೆಲಸ ಎಂದು ಮನೋವಿಶ್ಲೇಷಕ ಎರಿಕ್ ಎರಿಕ್‌ಸನ್ 1950ರಲ್ಲೇ ಬರೆದರು. ಈ ತಿಂಗಳು ಕ್ರಿಕೆಟ್, ಮುಂದಿನ ತಿಂಗಳು ಗಿಟಾರ್, ದಿನಕ್ಕೊಂದು ಕ್ರಾಪು. ಇವೆಲ್ಲ ಆ ಹುಡುಕಾಟದ ಅಂಗ. ಹಳ್ಳಿಯ ಕನ್ನಡ ಶಾಲೆಯಲ್ಲಿ ಮೊದಲಿಗನಾಗಿದ್ದವನು ಪಟ್ಟಣದ ಕಾಲೇಜಿನಲ್ಲಿ ಇಂಗ್ಲಿಷ್ ಪಾಠದ ಮುಂದೆ ತಬ್ಬಿಬ್ಬಾದಾಗ ಅವನಿಗೆ ಕುಸಿದಂತೆ ಕಾಣುವುದು ಅಂಕ ಮಾತ್ರವಲ್ಲ, ತನ್ನ ಬೆಲೆಯೇ. ಮೈಬಣ್ಣ, ಮೊಡವೆ, ಎತ್ತರ, ಮೊಬೈಲಿನಲ್ಲಿ ಕಾಣುವ ಗೆಳೆಯರ ಚಿತ್ರಗಳು ಈ ಕೀಳರಿಮೆಗೆ ನೀರೆರೆಯುತ್ತವೆ.

‘ಗಣಿತ ನನಗೆ ಕಷ್ಟ, ಆದರೆ ನಾನು ದಡ್ಡನಲ್ಲ’ ಎನ್ನಬಲ್ಲ ಹುಡುಗ ತನ್ನನ್ನು ಒಪ್ಪಿಕೊಂಡಿದ್ದಾನೆ. ಕೊರತೆಯನ್ನು ಮುಚ್ಚಿಡದೆ, ಅದೊಂದೇ ತಾನಲ್ಲ ಎಂದು ತಿಳಿಯುವುದೇ ಸ್ವಸ್ವೀಕಾರ. ಮನೆಯವರು ಒಪ್ಪಿಕೊಂಡ ಮಗುವಿಗೆ ಇದು ಸುಲಭ.

ಮನೆಯವರು ಏನು ಮಾಡಬೇಕು?

* ಅಣ್ಣನೊಡನೆ, ಪಕ್ಕದ ಮನೆಯವರ ಮಗಳೊಡನೆ ಹೋಲಿಸಬೇಡಿ.
* ಸಿಟ್ಟು ಇಳಿದ ಮೇಲೆ ಮಾತನಾಡಿಸಿ. ಮೊದಲು ಪೂರ್ತಿ ಕೇಳಿ, ಬುದ್ಧಿಮಾತು ಆಮೇಲೆ.
* ಅಂಕಕ್ಕಿಂತ ಪಟ್ಟ ಶ್ರಮವನ್ನು ಮೆಚ್ಚಿ. ದಪ್ಪ, ಕಪ್ಪು ಎಂದು ತಮಾಷೆಗೂ ಆಡಬೇಡಿ.
* ಮಲಗುವ ಹೊತ್ತಿಗೆ ಮೊಬೈಲು ಕೋಣೆಯ ಹೊರಗಿರಲಿ. ಈ ನಿಯಮ ಹಿರಿಯರಿಗೂ ಅನ್ವಯಿಸಲಿ.

ಯಾವಾಗ ಎಚ್ಚರ?

ಏರಿಳಿಯುವ ಮನಸ್ಸು ಸಾಮಾನ್ಯವಾಗಿ ರೋಗವಲ್ಲ. ಆದರೆ ಎರಡು ವಾರ ಕಳೆದರೂ ಬೇಸರ ಅಥವಾ ಸಿಡುಕು ಬಿಡದಿದ್ದರೆ, ಆಟ ಗೆಳೆಯರು ಬೇಡವಾದರೆ, ನಿದ್ರೆ ಹಸಿವು ಕೆಟ್ಟರೆ, ಓದು ಹಠಾತ್ತನೆ ಕುಸಿದರೆ ಅದು ಖಿನ್ನತೆ ಇರಬಹುದು. ನಿದ್ರೆಯೇ ಇಲ್ಲದೆ ದಿನಗಟ್ಟಲೆ ಅತಿ ಉತ್ಸಾಹ, ಅತಿ ಮಾತು ಇದ್ದರೂ ವೈದ್ಯರಿಗೆ ತೋರಿಸಿ. ರಕ್ತಹೀನತೆ, ಥೈರಾಯ್ಡ್ ತೊಂದರೆಯಿಂದಲೂ ಸುಸ್ತು ಬೇಸರ ಬರುವುದರಿಂದ ವೈದ್ಯರು ರಕ್ತ ಪರೀಕ್ಷೆಗೆ ಹೇಳಬಹುದು.

‘ನಾನು ಇರಬಾರದಿತ್ತು’ ಎಂಬ ಮಾತನ್ನು ನಾಟಕವೆಂದು ತಳ್ಳಿಹಾಕಬೇಡಿ. ‘ಸಾಯುವ ಯೋಚನೆ ಬರುತ್ತಿದೆಯೇನಪ್ಪಾ?’ ಎಂದು ಮೆಲ್ಲಗೆ, ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಮನಸ್ಸಿನ ಭಾರ ಇಳಿಯಬಹುದು. ಹೌದು ಎಂದರೆ ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಮನೋವೈದ್ಯರ ಬಳಿ ಹೋದರೆ ‘ಹುಚ್ಚ’ ಎಂಬ ಹಣೆಪಟ್ಟಿ ಬೀಳುತ್ತದೆಂದು ಹಿಂಜರಿಯಬೇಡಿ. ಖಿನ್ನತೆಗೆ ಆಪ್ತ ಸಲಹೆ ಇದೆ, ಅಗತ್ಯವಿದ್ದವರಿಗೆ ಔಷಧಿಯೂ ಇದೆ. ಜ್ವರಕ್ಕೆ ಚಿಕಿತ್ಸೆ ಕೊಡಿಸುವಷ್ಟೇ ಸಹಜವಾಗಿ ಮನಸ್ಸಿನ ನೋವಿಗೂ ಚಿಕಿತ್ಸೆ ಕೊಡಿಸೋಣ.