ಎರಡನೇ ಸಲ ಎದ್ದರೆ ಹತ್ತು ಕಣ್ಣು

ನಂಜನಗೂಡು, ತಾಂಡ್ಯ, ಹಿಮ್ಮಾವು ಕಡೆಯ ಕಾರ್ಖಾನೆಗಳಿಗೆ ಬೆಳಿಗ್ಗೆ ಟೆಂಪೋ, ಬಸ್ಸುಗಳಲ್ಲಿ ಹೋಗುವ ಹೆಣ್ಣುಮಕ್ಕಳನ್ನು ನೋಡಿ. ಕೈಯಲ್ಲಿ ಊಟದ ಡಬ್ಬಿ ಇರುತ್ತದೆ, ಜೊತೆಗೊಂದು ನೀರಿನ ಬಾಟಲಿ. ಸಂಜೆ ವಾಪಸು ಬರುವಾಗ ಡಬ್ಬಿ ಖಾಲಿ; ಎಷ್ಟೋ ಜನರ ಬಾಟಲಿ ಮಾತ್ರ ಅರ್ಧಕ್ಕರ್ಧ ಹಾಗೇ. ಬಾಯಾರಿಕೆ ಆಗಲಿಲ್ಲ ಅಂತಲ್ಲ. ನೀರು ಕುಡಿದರೆ ಏಳಬೇಕು. ಎದ್ದರೆ ಪಕ್ಕದವರು ಕೇಳುತ್ತಾರೆ.

‘ಏನಮ್ಮಿ, ಈಗ ತಾನೆ ಹೋಗಿ ಬಂದಲ್ಲ, ಮತ್ತೆ ಹೊಂಟ್ಯಾ?’

ಅಲ್ಲಿಗೇ ನಿಂತರೆ ಪುಣ್ಯ. ‘ಹೊಟ್ಟೆ ಕೆಟ್ಟದಾ?’ ‘ಏನಾರ ವಿಶೇಷವಾ?’ ‘ಒಳಗೆ ಫೋನಲ್ಲಿ ಯಾರ್ ಜೊತೆ ಮಾತು?’ ಸೂಪರ್‌ವೈಸರ್ ಗದರಿದರೆ ಮನಸ್ಸಿನಲ್ಲೇ ಬೈದುಕೊಂಡು ಸುಮ್ಮನಾಗಬಹುದು. ಇಲ್ಲಿ ಕೇಳುವುದು ಒಂದೇ ಬಸ್ಸಿನಲ್ಲಿ ಬರುವ, ಒಂದೇ ಡಬ್ಬಿಯ ಸಾರು ಹಂಚಿಕೊಳ್ಳುವ ಜೊತೆಗಾರ್ತಿ. ಉತ್ತರ ಹೇಳಿದರೆ ಅದು ಸಂಜೆಯ ಬಸ್ಸಿಗೆ ಮುಂಚೆ ಊರು ತಲುಪಿರುತ್ತದೆ.

ಇದೂ ಒಂದು ಸುದ್ದಿಯಾ ಅನ್ನಬೇಡಿ. ಒಂದಕ್ಕೆ, ಎರಡಕ್ಕೆ, ಹೊರಕ್ಕೆ, ಜಲಬಾಧೆ ಅಂತ ನಮ್ಮ ಜನ ಇಷ್ಟೊಂದು ಮರೆಮಾತು ಕಟ್ಟಿಕೊಂಡಿರುವುದೇ ಈ ಸಂಗತಿ ನಾಲ್ಕು ಜನರ ಎದುರು ಬಿಚ್ಚುವಂಥದಲ್ಲ ಅಂತ. ಅಂಥದ್ದನ್ನು ನಲವತ್ತು ಮೆಷಿನ್ನುಗಳ ನಡುವೆ ಕೂಗಿ ಕೇಳಿದರೆ ಹೆಂಗಸು ಮುಖ ಎಲ್ಲಿಟ್ಟುಕೊಳ್ಳಬೇಕು?

ಹಾಗಂತ ಕೇಳುವವಳು ಕೆಟ್ಟವಳೇನೂ ಅಲ್ಲ. ಗಾರ್ಮೆಂಟ್ಸ್ ಕೆಲಸದ ರೀತಿಯೇ ಹಾಗಿದೆ. ಒಬ್ಬಳು ಕಾಲರ್ ಹೊಲಿದು ತಳ್ಳಬೇಕು, ಮುಂದಿನವಳು ಅದನ್ನು ಕೂಡಿಸಬೇಕು, ಅದರ ಮುಂದಿನವಳು ತೋಳು ಹಚ್ಚಬೇಕು. ನಡುವೆ ಒಬ್ಬಳು ಐದು ನಿಮಿಷ ಎದ್ದರೆ ಹಿಂದೆ ಪೀಸುಗಳ ರಾಶಿ, ಮುಂದೆ ಖಾಲಿ ಕೈ. ಗಂಟೆಯ ಟಾರ್ಗೆಟ್ ಬೋರ್ಡಿನ ಮೇಲೆ ಕೂತು ನೋಡುತ್ತಿರುತ್ತದೆ. ಕಮ್ಮಿ ಬಿದ್ದರೆ ಬೈಗುಳ ಇಡೀ ಲೈನಿಗೆ. ಯಜಮಾನ ಕಾವಲಿಗೆ ಬೇರೆ ಆಳು ಇಡಬೇಕಾಗಿಲ್ಲ, ಲೈನೇ ಕಾವಲು.

ಕಪಿಲೆ ಇಲ್ಲಿಂದ ಹರಿದು ಕಾವೇರಿಯನ್ನು ಸೇರುವ ಟಿ. ನರಸೀಪುರದ ಕಡೆ ರೇಷ್ಮೆಯ ಹೆಸರು. ನೂಲು ಬಿಚ್ಚುವ ಕೆಲಸದ ಕತೆಯೂ ಇದೇ. ಬಿಸಿನೀರಲ್ಲಿ ತೇಲುವ ಗೂಡುಗಳ ಎಳೆ ಕೂಡಿಸಿ ನೂಲು ಮೇಲೇರುತ್ತಿರುತ್ತದೆ. ಒಂದು ಗೂಡು ಮುಗಿದರೆ ಇನ್ನೊಂದರ ಎಳೆ ಹಚ್ಚಬೇಕು, ತಪ್ಪಿದರೆ ನೂಲು ತೆಳುವಾಗುತ್ತದೆ. ಕೈ ಬಿಟ್ಟು ಹೋದರೆ ಪಕ್ಕದವಳೇ ನೋಡಿಕೊಳ್ಳಬೇಕು. ಅವಳಿಗೆ ತನ್ನದೇ ಸಾಕಾಗಿರುತ್ತದೆ. ‘ಎಲ್ಲಿಗೆ ಹೋಗಿದ್ದೆ, ಇಷ್ಟೊತ್ತು?’ ಅಂದೇ ಅನ್ನುತ್ತಾಳೆ.

ಇನ್ನು ಕಾನೂನು. 1948ರ ಕಾರ್ಖಾನೆ ಕಾಯಿದೆಯ 19ನೇ ಕಲಮು ಸ್ಪಷ್ಟವಾಗಿತ್ತು: ಕೆಲಸಗಾರರು ಕಾರ್ಖಾನೆಯಲ್ಲಿರುವಷ್ಟು ಹೊತ್ತೂ ಕಕ್ಕಸು ಕೈಗೆಟುಕುವಂತಿರಬೇಕು. ಬಿಡುವಿನ ವೇಳೆಗೆ ಮಾತ್ರ ಅಂತ ಎಲ್ಲೂ ಬರೆದಿರಲಿಲ್ಲ. ರಾಜ್ಯದ 1969ರ ನಿಯಮಗಳಲ್ಲಿ 25 ಹೆಂಗಸರಿಗೆ ಒಂದು ಎಂಬ ಲೆಕ್ಕ ಇತ್ತು. ಸ್ವಲ್ಪ ಗುಣಿಸಿ ನೋಡಿ ಸ್ವಾಮಿ. ಅರ್ಧ ಗಂಟೆಯ ಊಟದ ಬಿಡುವಿನಲ್ಲಿ 25 ಜನ ಒಂದೇ ಬಾಗಿಲಿಗೆ ನಿಂತರೆ ತಲೆಗೆ 72 ಸೆಕೆಂಡು. ಊಟ ಯಾವಾಗ, ಕೈ ತೊಳೆಯುವುದು ಯಾವಾಗ? ‘ಬಿಡುವಲ್ಲಿ ಹೋಗಬಾರದಿತ್ತಾ’ ಅನ್ನುವವರು ಈ ಲೆಕ್ಕ ಹಾಕಿರುವುದಿಲ್ಲ. 2025ರ ನವೆಂಬರ್ 21ರಂದು ಆ ಕಾಯಿದೆಯ ಜಾಗಕ್ಕೆ 2020ರ ಹೊಸ ಸಂಹಿತೆ ಬಂತು. ಅದರಲ್ಲಿ ಹೆಂಗಸರು, ಗಂಡಸರ ಜೊತೆಗೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಪ್ರತ್ಯೇಕ ಏರ್ಪಾಟು ಇರಬೇಕೆಂದಿದೆ. ಪಕ್ಕದವರ ಬಾಯಿಗೆ ಮಾತ್ರ ಹಳೆಯದರಲ್ಲೂ ಕಲಮು ಇಲ್ಲ, ಹೊಸದರಲ್ಲೂ ಇಲ್ಲ.

ಅದೇ ನವೆಂಬರಿನಲ್ಲಿ ರಾಜ್ಯ ಸರ್ಕಾರ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಆದೇಶ ಹೊರಡಿಸಿತು. ಡಾಕ್ಟರ ಚೀಟಿ ಬೇಡ ಅಂದಿತು. ಇಡೀ ದಿನದ ರಜೆಗೆ ಚೀಟಿ ಬೇಡ. ಐದು ನಿಮಿಷಕ್ಕೆ ಪಕ್ಕದವಳಿಗೆ ಕಾರಣ ಬೇಕು!

ಘಟ್ಟದ ಕೆಳಗೆ ಕೋಯಿಕ್ಕೋಡಿನಲ್ಲಿ ಅಂಗಡಿ ಕೆಲಸದ ಹೆಂಗಸರು ಹೀಗೇ ನೀರು ಬಿಟ್ಟು ದುಡಿದು ಸಾಕಾಗಿ, ‘ಪೆಣ್‌ಕೂಟ್ಟು’ ಅಂತ ಸಂಘ ಕಟ್ಟಿ ಕಕ್ಕಸು ಕೇಳಿದರು, ಆಮೇಲೆ ಕೂರಲು ಜಾಗವನ್ನೂ ಕೇಳಿದರು. 2018ರಲ್ಲಿ ಕೇರಳ ಅಂಗಡಿ ಕಾಯಿದೆ ತಿದ್ದಿ ಕೂರುವ ಹಕ್ಕು ಕೊಟ್ಟಿತು. ನಮ್ಮ ಕಡೆ ಒಬ್ಬರನ್ನೊಬ್ಬರು ಕೇಳಿಕೊಳ್ಳುವುದರಲ್ಲೇ ಇದ್ದೇವೆ.

ಸರಿ, ಕೇಳಿದಾಗ ಏನನ್ನುವುದು? ಸುಳ್ಳು ಹೇಳಿದರೆ ಅದನ್ನು ಸಾಕಬೇಕಾಗುತ್ತದೆ. ಇವತ್ತು ಹೊಟ್ಟೆನೋವು ಅಂದವಳನ್ನು ನಾಳೆಯೂ ‘ಈಗ ಹೆಂಗದೆ?’ ಅಂತ ವಿಚಾರಿಸುತ್ತಾರೆ. ತಮಾಷೆ ಮಾಡಿದರೆ ಒಂದು ದಿನ ನಡೆಯುತ್ತದೆ. ಜಗಳ ಆಡಿದರೆ ಬಸ್ಸಿನಲ್ಲಿ ಸೀಟು ಹಿಡಿಯುವವರಿಲ್ಲ. ಆ ಪ್ರಶ್ನೆಯೊಳಗೆ ಎರಡು ಪ್ರಶ್ನೆ ಇವೆ. ಒಂದು ಕೆಲಸದ್ದು, ಇನ್ನೊಂದು ಮೈಯದು. ಕೆಲಸದ್ದಕ್ಕೆ ಉತ್ತರ ಕೊಟ್ಟರೆ ಸಾಕು. ‘ಹೋಗ್ಬೇಕಿತ್ತು ಕಣಕ್ಕ, ಹೋಗ್ ಬಂದೆ. ನಿನ್ ಮೇಲೆ ಬಿತ್ತಾ? ಆ ನಾಕು ಪೀಸು ಇತ್ಲಾಗೆ ಕೊಡು.’ ಮೈಯ ವಿಚಾರ ಯಾರಿಗೂ ಸಾಲ ಕೊಡಬೇಕಾದ್ದಲ್ಲ.

ಗಂಡಸು ಸಹೋದ್ಯೋಗಿ ಹಲ್ಲು ಕಿರಿದು ಲೈಂಗಿಕ ಅರ್ಥ ಬರುವ ಮಾತಾಡಿದರೆ ಅದು ಬೇರೆ ವಿಷಯ. 2013ರ ಕಾಯಿದೆಯಂತೆ ಹತ್ತು ಜನರಿದ್ದ ಕಡೆ ಆಂತರಿಕ ಸಮಿತಿ ಇರಲೇಬೇಕು, ಅಲ್ಲಿಗೆ ಬರೆದುಕೊಡಬಹುದು.

ಗಂಡಸರಿಗೂ ಈ ಕಾಟ ಇದೆ. ಬಿ.ಪಿ.ಗೆ ನೀರಿನ ಮಾತ್ರೆ ನುಂಗುವವನು, ಪ್ರಾಸ್ಟೇಟ್ ತೊಂದರೆಯವನು ಗಂಟೆಗೊಮ್ಮೆ ಎದ್ದರೆ ‘ಬೀಡಿ ಸೇದಕ್ಕೆ ಹೊಂಟ’ ಅನ್ನುತ್ತಾರೆ. ಪದೇ ಪದೇ ಮೂತ್ರಕ್ಕೆ ಹೋಗುವುದು ಸಕ್ಕರೆ ಕಾಯಿಲೆಯ ಮೊದಲ ಸುಳಿವೂ ಆಗಿರಬಹುದು. ನಗುವಿಗೆ ಹೆದರಿ ಕಟ್ಟಿಕೊಂಡು ಕೂತವನು ಆಸ್ಪತ್ರೆಗೂ ಹೋಗುವುದಿಲ್ಲ. ನೀರು ಬಿಟ್ಟು, ಕಟ್ಟಿಕೊಂಡು ಕೂತ ಹೆಣ್ಣುಮಕ್ಕಳಿಗೆ ಉರಿಮೂತ್ರ ಸುಲಭವಾಗಿ ಅಂಟಿಕೊಳ್ಳುತ್ತದೆ. ಆಗ ಎರಡು ಸಲ ಏಳುತ್ತಿದ್ದವಳು ಆರು ಸಲ ಏಳಬೇಕಾಗುತ್ತದೆ.

ಲೈನಿಗೊಬ್ಬ ಬದಲಿ ಆಳು ಇಟ್ಟರೆ ಈ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದೇ ಇಲ್ಲ. ಮಿಕ್ಕ ಕಾಲು ಪಾಲು ಕುತೂಹಲ, ಕೆಲವೊಮ್ಮೆ ನಿಜವಾದ ಕಾಳಜಿ. ಅಂಥ ಕಾಳಜಿಗೆ ಸಂಜೆಯ ಬಸ್ಸಿದೆ. ಕಿಟಕಿ ಪಕ್ಕ ಕೂತು, ಮೆತ್ತಗೆ, ‘ಹುಷಾರಾಗಿದ್ದೀಯ ತಾನೆ ಅಮ್ಮಿ?’ ಅಂತ ಒಂದು ಮಾತು ಕೇಳಿದರೂ ನಡೆಯುತ್ತದೆ.