ಜಕ್ಕೂರಿನ ಡೆಕ್ಕನ್: ವಯಸ್ಸಿನ ಕಾರಣಕ್ಕೆ ಬೆಲೆ ಬಂದ ಕಂಪನಿ

ಏರ್ ಡೆಕ್ಕನ್ ಎಂದರೆ ಜನಕ್ಕೆ ಇಂದಿಗೂ ನೆನಪಾಗುವುದು ಒಂದು ರೂಪಾಯಿಯ ಟಿಕೆಟ್ಟು, ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯನ ಚಿತ್ರ. ಅದಕ್ಕೂ ಮುಂಚಿನ ಡೆಕ್ಕನ್ ಏವಿಯೇಷನ್ ಎಂಬ ಪುಟ್ಟ ಚಾರ್ಟರ್ ಕಂಪನಿಯನ್ನು ಮಾತ್ರ ಬಹುಮಂದಿ ಮರೆತಿದ್ದಾರೆ. ನನಗಂತೂ ಇಡೀ ಕಥೆಯ ತಿರುಳು ಅಲ್ಲೇ ಇದೆ ಅನ್ನಿಸುತ್ತದೆ.

ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಸೈನ್ಯ ಬಿಟ್ಟು ಬಂದು ಹಾಸನ ಜಿಲ್ಲೆಯಲ್ಲಿ ಬೇಸಾಯಕ್ಕೆ ಇಳಿದವರು. ಹೇಮಾವತಿ ಹಿನ್ನೀರಿನಲ್ಲಿ ಮುಳುಗಿದ ಮನೆತನದ ಜಮೀನಿಗೆ ಬದಲಾಗಿ ಸಿಕ್ಕ ಒಣನೆಲದಲ್ಲಿ ಅವರು ಮಾಡಿದ ರೇಷ್ಮೆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಅಷ್ಟರಲ್ಲಾಗಲೇ, ಸೈನ್ಯದ ಗೆಳೆಯ ಹಾಗೂ ಹೆಲಿಕಾಪ್ಟರ್ ಪೈಲಟ್ ಕೆ.ಜೆ. ಸ್ಯಾಮ್ಯುಯೆಲ್ ಜೊತೆ ಸೇರಿ 1995ರಲ್ಲಿ ಕಂಪನಿ ಹುಟ್ಟುಹಾಕಿದ್ದರು. 1997ರಲ್ಲಿ ಜಕ್ಕೂರು ವಿಮಾನನೆಲೆಯಿಂದ ಬಾಡಿಗೆ ಹೆಲಿಕಾಪ್ಟರ್ ಹಾರತೊಡಗಿತು. ಉದ್ಯಮಿಗಳು, ಚುನಾವಣೆ ಬಂದಾಗ ರಾಜಕಾರಣಿಗಳು ಅದರ ಗಿರಾಕಿಗಳು.

ಚಾರ್ಟರ್ ವ್ಯವಹಾರದ ಲೆಕ್ಕವೇ ಬೇರೆ. ಗಿರಾಕಿ ಇಡೀ ಹೆಲಿಕಾಪ್ಟರನ್ನೇ ಹಿಡಿಯುತ್ತಾನೆ. ಸೀಟು ಖಾಲಿ ಉಳಿದರೆ ನಷ್ಟ ಅವನದು. ವೇಳಾಪಟ್ಟಿ ಹಾಕಿ ಹಾರುವ ಏರ್‌ಲೈನ್‌ಗೆ ಈ ನೆಮ್ಮದಿಯಿಲ್ಲ. ಜನ ಬರಲಿ ಬಿಡಲಿ, ವಿಮಾನ ಏರಬೇಕು, ಎಣ್ಣೆ ಸುಡಬೇಕು. 2003ರ ಆಗಸ್ಟ್‌ನಲ್ಲಿ ಕಂಪನಿ ಏರ್ ಡೆಕ್ಕನ್ ಹೆಸರಿನಲ್ಲಿ ಆ ದಾರಿ ಹಿಡಿಯಿತು. ಹೈದರಾಬಾದಿನಿಂದ ವಿಜಯವಾಡಕ್ಕೆ ಹೊರಟಿದ್ದ ಮೊದಲ ವಿಮಾನದ ಎಂಜಿನ್ನಿಗೇ ಬೆಂಕಿ ಹತ್ತಿತು. ಒಳಗೆ ಬಿಜೆಪಿ ನಾಯಕ ವೆಂಕಯ್ಯ ನಾಯ್ಡು ಕೂತಿದ್ದರು. ಇಷ್ಟಾದರೂ ಕಂಪನಿ ಹಿಂದೆಗೆಯಲಿಲ್ಲ. ಹುಬ್ಬಳ್ಳಿಯಂಥ ಊರುಗಳಿಗೆ ಸಣ್ಣ ಎಟಿಆರ್ ವಿಮಾನ ಬಿಟ್ಟಿತು. ಮೊದಲ ಸಲ ವಿಮಾನ ಹತ್ತಿದವರ ಸಂಭ್ರಮವನ್ನು ನಾನು ದೊಡ್ಡ ಸಾಧನೆಯೆಂದೇ ಎಣಿಸುತ್ತೇನೆ. ಆದರೆ ವಿಮಾನ ಹೆಚ್ಚಿದಂತೆ ನಷ್ಟವೂ ಬೆಳೆಯಿತು.

ಚಾರ್ಟರ್ ಕಂಪನಿ ದೊಡ್ಡ ಏರ್‌ಲೈನ್ ಆಗುವುದು ಹೊಸದೇನಲ್ಲ. ನೆದರ್ಲೆಂಡ್ಸ್‌ನಲ್ಲಿ ಮಾರ್ಟಿನ್ ಷ್ರೋಡರ್ 1958ರಲ್ಲಿ ಒಂದೇ ವಿಮಾನದಿಂದ ಶುರುಮಾಡಿದ ಚಾರ್ಟರ್ ಸಂಸ್ಥೆ ಮುಂದೆ ಮಾರ್ಟಿನ್ಏರ್ ಆಯಿತು. ಅದು ಪೂರ್ತಿ ಕೆಎಲ್‌ಎಂ ಪಾಲಾಗಲು ಅರ್ಧ ಶತಮಾನ ಹಿಡಿಯಿತು. ಏರ್ ಡೆಕ್ಕನ್ ನಾಲ್ಕೇ ವರ್ಷಕ್ಕೆ ಬೇರೆಯವರಿಗೆ ಪಾಲು ಕೊಡಬೇಕಾಯಿತು. 2007ರಲ್ಲಿ ವಿಜಯ್ ಮಲ್ಯರ ಯುಬಿ ಸಮೂಹ 550 ಕೋಟಿ ರೂಪಾಯಿ ಕೊಟ್ಟು ಶೇ 26ರಷ್ಟು ಷೇರು ಕೊಂಡಿತು.

ಡೆಕ್ಕನ್ ಬಳಿ ಮಲ್ಯರಿಗೆ ಬೇಕಾದದ್ದು ಇನ್ನೊಂದಿತ್ತು: ವಯಸ್ಸು. ದೇಶದೊಳಗೆ ಐದು ವರ್ಷ ಹಾರಿದ, 20 ವಿಮಾನಗಳುಳ್ಳ ಸಂಸ್ಥೆಗೆ ಮಾತ್ರ ವಿದೇಶಕ್ಕೆ ಹಾರಲು ಆಗ ಅನುಮತಿ ಸಿಗುತ್ತಿತ್ತು. 2005ರಲ್ಲಿ ಹುಟ್ಟಿದ ಮಲ್ಯರ ಏರ್‌ಲೈನ್ ಕಿಂಗ್‌ಫಿಶರ್ 2010ರವರೆಗೆ ಕಾಯಬೇಕಿತ್ತು. ಡೆಕ್ಕನ್‌ಗೆ 2008ರ ಆಗಸ್ಟ್‌ಗೇ ಐದು ತುಂಬಿತು. ಕಿಂಗ್‌ಫಿಶರ್ ವಿಮಾನ ವ್ಯವಹಾರವನ್ನು ಡೆಕ್ಕನ್ ಏವಿಯೇಷನ್ನಿನೊಳಗೆ ಸೇರಿಸಿ, ಆ ಕಂಪನಿಗೇ ಕಿಂಗ್‌ಫಿಶರ್ ಏರ್‌ಲೈನ್ಸ್ ಎಂದು ಹೆಸರಿಟ್ಟರು. ಸೆಪ್ಟೆಂಬರ್‌ನಲ್ಲಿ ಬೆಂಗಳೂರು–ಲಂಡನ್ ವಿಮಾನ ಹೊರಟಿತು. ಸಾಮರ್ಥ್ಯ ನೋಡದೆ ವರ್ಷ ಎಣಿಸುತ್ತಿದ್ದ ಆ ನಿಯಮವನ್ನು ಸರ್ಕಾರ ಕೈಬಿಟ್ಟದ್ದು 2016ರಲ್ಲಿ. ಆ ವಿಲೀನದಿಂದಾಗಿ, ಸಂಬಳ ಬಾಕಿಯುಳಿಸಿ 2012ರಲ್ಲಿ ನಿಂತುಹೋದ ಕಿಂಗ್‌ಫಿಶರ್ ಕಾನೂನಿನ ದಾಖಲೆಯಲ್ಲಿ ಅದೇ 1995ರ ಕಂಪನಿ.

ಹೆಲಿಕಾಪ್ಟರ್ ವ್ಯವಹಾರ ಮಾತ್ರ ಡೆಕ್ಕನ್ ಚಾರ್ಟರ್ಸ್ ಎಂದು ಬೇರೆಯಾಗಿ ಉಳಿಯಿತು. 2017ರ ಡಿಸೆಂಬರ್‌ನಲ್ಲಿ ಅದು ಉಡಾನ್ ಯೋಜನೆಯಡಿ ಏರ್ ಡೆಕ್ಕನ್ ಹೆಸರನ್ನೇ ಮತ್ತೆ ಹಚ್ಚಿಕೊಂಡು, ಜಳಗಾಂವ್, ನಾಸಿಕ್‌ನಂಥ ಊರುಗಳಿಗೆ ಪುಟ್ಟ ಬೀಚ್‌ಕ್ರಾಫ್ಟ್ ವಿಮಾನ ಹಾರಿಸಿತು. 2020ರ ಏಪ್ರಿಲ್‌ನಲ್ಲಿ, ಕೋವಿಡ್ ಲಾಕ್‌ಡೌನ್ ನಡುವೆ, ಸಿಬ್ಬಂದಿಯನ್ನು ಸಂಬಳವಿಲ್ಲದ ರಜೆಯ ಮೇಲೆ ಕಳಿಸಿ ಹಾರಾಟ ನಿಲ್ಲಿಸಿತು.