ರಿಪೋರ್ಟ್ ನಾರ್ಮಲ್, ಆದರೂ ಸುಸ್ತು: ರಜೆ, ಸಂಬಳದ ಲೆಕ್ಕ ಹೇಗೆ?

ಹಮದ್ ಬಂದರಿನ ಒಂದು ಕಚೇರಿಯಲ್ಲಿ ಬಿಲ್ಲಿಂಗ್ ಮಾಡುವ ನಮ್ಮೂರ ಹೆಣ್ಣುಮಗಳೊಬ್ಬಳು ಎಂದಿಟ್ಟುಕೊಳ್ಳಿ. ಆರು ತಿಂಗಳಿಂದ ಸುಸ್ತು. ರಾತ್ರಿಯಿಡೀ ಮಲಗಿದರೂ ಮೈ ಭಾರ. ಶುಕ್ರವಾರ ಬಟ್ಟೆ ಒಗೆದರೆ ಶನಿವಾರ ಹಾಸಿಗೆ ಬಿಟ್ಟು ಏಳಲಾಗದು. ಹಿಮೋಗ್ಲೋಬಿನ್, ಥೈರಾಯ್ಡ್, ವಿಟಮಿನ್ ಡಿ, ಬಿ12 ಎಲ್ಲಾ ನಾರ್ಮಲ್. ಊರಿಗೆ ಫೋನ್ ಮಾಡಿದರೆ 'ಸರಿಯಾಗಿ ಊಟ ಮಾಡು' ಅಂತಾರೆ.

ಸೋಮಾರಿತನವಲ್ಲ ಇದು. ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂಬ ಕಾಯಿಲೆ ಇದೆ. ಅದನ್ನು ತೋರಿಸುವ ರಕ್ತಪರೀಕ್ಷೆ ಇಲ್ಲ. ಬೇರೆ ಕಾಯಿಲೆಗಳಿಲ್ಲವೆಂದು ನೋಡಿಕೊಂಡು, ಲಕ್ಷಣಗಳ ಮೇಲೆ ವೈದ್ಯರು ನಿರ್ಧರಿಸುತ್ತಾರೆ. ದುಡಿದ ಮಾರನೇ ದಿನ ಸುಸ್ತು ಇನ್ನೂ ಏರುವುದು ಅದರ ಮುಖ್ಯ ಲಕ್ಷಣ. ಯಾವ ದಿನ ಏನು ಮಾಡಿದೆ, ಮರುದಿನ ಹೇಗಿತ್ತು ಎಂದು ಬರೆದಿಟ್ಟು ವೈದ್ಯರಿಗೆ ತೋರಿಸಬೇಕು.

ಈಗ ಸಂಬಳ. ಕತಾರ್‌ನ 2004ರ ಕಾರ್ಮಿಕ ಕಾನೂನಿನ 82ನೇ ವಿಧಿ ಪ್ರಕಾರ, ಸೇರಿ ಮೂರು ತಿಂಗಳಾದವರಿಗೆ ವರ್ಷಕ್ಕೆ ಎರಡು ವಾರ ಪೂರ್ತಿ ಸಂಬಳದ ಕಾಯಿಲೆ ರಜೆ, ಮುಂದಿನ ನಾಲ್ಕು ವಾರ ಅರ್ಧ ಸಂಬಳ, ಆಮೇಲೆ ಏನೂ ಇಲ್ಲ. ದಿನಕ್ಕೆ 100 ರಿಯಾಲ್ ಆದರೆ 42 ದಿನಕ್ಕೆ 4,200 ಅಲ್ಲ, 2,800. ಊರಿಗೆ ಕಳಿಸುವ ಹಣ ಇದರಲ್ಲೇ ಹೊಂದಬೇಕು. (ಮನೆಗೆಲಸದವರಿಗೆ ಕಾನೂನೇ ಬೇರೆ.)

ಆದರೆ ಕಂಪನಿ ಒಪ್ಪುವ ವೈದ್ಯರ ಸರ್ಟಿಫಿಕೇಟ್ ಬೇಕೇ ಬೇಕು. ಸುಸ್ತು ಅಂತ ವಾಟ್ಸಾಪ್ ಹಾಕಿ ಮಲಗಿದರೆ ಅದು ಗೈರುಹಾಜರಿ. ಸಕಾರಣವಿಲ್ಲದೆ ಸತತ ಏಳು ದಿನಕ್ಕಿಂತ ಹೆಚ್ಚು ಬಾರದಿದ್ದರೆ ನೋಟಿಸ್ ಇಲ್ಲದೆಯೇ ಕೆಲಸದಿಂದ ತೆಗೆಯಬಹುದು. ಸರ್ಟಿಫಿಕೇಟಿನ ಒಂದು ಪ್ರತಿ ಕಚೇರಿಗೆ, ಇನ್ನೊಂದು ತನ್ನ ಪೆಟ್ಟಿಗೆಗೆ.